ಗೋಡೆಗೆ ಮುಖ ಮಾಡಿದ ಹುಂಜ

ಡ್ರೈವರನ ಮುಖವನ್ನು ಮೂರನೆಯ ಸಲ ಆಂಬುಲೆನ್ಸಿನ ಬಾಗಿಲಿಗೆ ಅಪ್ಪಳಿಸಿದಾಗ, ಬಾಗಿಲ ಮೇಲೆ ಬರೆದಿದ್ದ ಕೆಂಪು ಹುಂಜಕ್ಕೂ ಅವನ ಮೂಗಿಗೂ ವ್ಯತ್ಯಾಸ ಉಳಿಯಲಿಲ್ಲ.

"ಹೇಳೋ! ದೊಡ್ಡ ಸಿಸ್ಟರನ್ನ ಯಾಕೋ ಕೊಂದೆ?"

ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಗುಂಪಿನಲ್ಲಿ ನಿಂತು ಪ್ರಶ್ನೆ ಕೇಳುವವರು ಯಾವತ್ತೂ ಕಾಯುವುದಿಲ್ಲ. ಹಿಂದಿನಿಂದ ಯಾರೋ ಒದ್ದರು, ಪಕ್ಕದಿಂದ ಯಾರೋ ಗುದ್ದಿದರು, ಕೈಗೆ ಎಟುಕದವರು ಚಪ್ಪಲಿ ಎಸೆದು ಪುಣ್ಯ ಕಟ್ಟಿಕೊಂಡರು. ಡಯಾಲಿಸಿಸ್ ಕೇಂದ್ರದ ಅಂಗಳದಲ್ಲಿ ಆವತ್ತು ಹೊಸ ಯಂತ್ರದ ಉದ್ಘಾಟನೆಗೆಂದು ಸಾಲಾಗಿ ಕುರ್ಚಿ ಹಾಕಿದ್ದರು. ಅದರಲ್ಲೊಂದನ್ನು ಎತ್ತಿ ಒಬ್ಬ ಡ್ರೈವರನ ಬೆನ್ನಿಗೆ ಬಾರಿಸಿದ. ಕುರ್ಚಿಯ ಕಾಲು ಮುರಿಯಿತು. ಆ ಕುರ್ಚಿಯ ಮೇಲೂ ಒಂದು ಹುಂಜವಿತ್ತು.

ಜೀಪು ನಿಲ್ಲುವ ಮೊದಲೇ ಇನ್ಸ್‌ಪೆಕ್ಟರಮ್ಮ ಕೆಳಗೆ ಹಾರಿದಳು. ಮೊದಲು ಲಾಠಿ, ಆಮೇಲೆ ಮಾತು, ಇದು ಅವಳ ಪದ್ಧತಿ. ಒಬ್ಬನ ಮೊಣಕಾಲಿಗೆ ಬಿತ್ತು, ಇನ್ನೊಬ್ಬನ ಮಣಿಕಟ್ಟಿಗೆ ಬಿತ್ತು, ಮತ್ತೊಬ್ಬ ಬೀಳುವ ಮೊದಲೇ ಜಾಗ ಬಿಟ್ಟ. ಅವಳ ಹಿಂದೆ ದಫೇದಾರ ಗೂಳಿಯ ಹಾಗೆ ನುಗ್ಗಿದ. ಅವನಿಗೆ ಇದು ಬರೀ ಡ್ಯೂಟಿಯಾಗಿರಲಿಲ್ಲ. ಕೆಳಗೆ ಬಿದ್ದು ರಕ್ತ ಉಗುಳುತ್ತಿದ್ದವನು ಅವನ ಹೆಂಡತಿಯ ತಮ್ಮ.

"ನಾನಲ್ಲ ಅಂತ ಒಂದು ಮಾತು ಹೇಳೋ!" ದಫೇದಾರ ಬಾಮೈದನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಚಿದ. "ಇಷ್ಟು ಜನ ಇದ್ದಾರೆ, ಎಲ್ಲರ ಮುಂದೆ ಹೇಳಿಬಿಡು ಕಣೋ!"

ಡ್ರೈವರ್ ಭಾವನ ಮುಖ ನೋಡಿದ. ಅವನ ಬಾಯಿ ಆಗಿನ್ನೂ ನೆಟ್ಟಗಿತ್ತು, ಮನಸ್ಸು ಮಾಡಿದ್ದರೆ ಹೇಳಬಹುದಿತ್ತು. ಹೇಳಲಿಲ್ಲ. ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಅಷ್ಟರಲ್ಲಿ ಎಲ್ಲಿಂದಲೋ ಹಾರಿಬಂದ ಅರ್ಧ ಇಟ್ಟಿಗೆ ಅವನ ದವಡೆಗೆ ಬಡಿಯಿತು. ಮೂಳೆ ಮುರಿದ ಸದ್ದು ಇನ್ಸ್‌ಪೆಕ್ಟರಮ್ಮನಿಗೂ ಕೇಳಿಸಿತು.

ಬೆಳಿಗ್ಗೆ ಕೇಂದ್ರದ ಸಾಮಾನಿನ ಕೋಣೆಯಲ್ಲಿ ಮುಖ್ಯ ನರ್ಸು ತಲೆಬುರುಡೆ ಒಡೆದು ಹೆಣವಾಗಿ ಬಿದ್ದಿದ್ದಳು. ಹಿಂದಿನ ದಿನವೇ ಈ ಡ್ರೈವರು ನಾಲ್ಕು ಜನರ ಎದುರು "ನಿನ್ನ ತಲೆ ಒಡೀತೀನಿ" ಎಂದು ಅವಳಿಗೆ ಕೂಗಿದ್ದ. ಜನಕ್ಕೆ ಅಷ್ಟೇ ಸಾಕಾಗಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಸಾಕಾಗಿರಲಿಲ್ಲ. ಸಾಯುವಷ್ಟು ಏಟು ತಿಂದವನು ಒಂದು ಸುಳ್ಳನ್ನಾದರೂ ಹೇಳಬೇಕಿತ್ತು. ಇವನು ನಿಜವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಆ ಕಚ್ಚಿದ ಹಲ್ಲು ಅವಳ ತಲೆಯಲ್ಲಿ ಕೂತುಬಿಟ್ಟಿತು.

*

ದೊಡ್ಡಾಸ್ಪತ್ರೆಯಲ್ಲಿ ಡ್ರೈವರನ ದವಡೆಗೆ ತಂತಿ ಬಿಗಿದು ಮಲಗಿಸಿದ್ದರು. ಎಚ್ಚರ ಯಾವಾಗ ಬರುತ್ತದೋ ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದ್ದರು.

ಹಾಸಿಗೆಯ ಪಕ್ಕ ಅವನ ಅಕ್ಕ, ಅಂದರೆ ದಫೇದಾರನ ಹೆಂಡತಿ, ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಹೆಗಲ ಮೇಲಿನ ಬೂದುಬಣ್ಣದ ಉಣ್ಣೆಯ ಶಾಲು ಮತ್ತೆ ಮತ್ತೆ ಜಾರುತ್ತಿತ್ತು, ಅವಳು ಎಡಗೈಯಿಂದ ಎಳೆದುಕೊಳ್ಳುತ್ತಿದ್ದಳು.

"ಇವನ ಮೇಲಿನ ಆಪಾದನೆ ಹೋಗ್ಬೇಕು," ಎಂದು ಗಂಡನಿಗೆ ಹೇಳಿದಳು. "ಅಲ್ಲಿವರೆಗೂ ಮನೆ ಕಡೆ ತಲೆ ಹಾಕ್ಬೇಡಿ."

ದಫೇದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಎಂದು ಠಾಣೆಯಲ್ಲಿ ಅವನನ್ನು ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಹೆಂಡತಿ ಎಂದರೆ ಅವನಿಗೆ ಪ್ರಾಣ.

"ನಿಮ್ಮ ತಮ್ಮ ಸಿಸ್ಟರ್ ಜೊತೆ ಜಗಳ ಆಡಿದ್ದು ಯಾಕಮ್ಮ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ನಮ್ಮಮ್ಮನ ವಿಷಯಕ್ಕೆ. ಅಮ್ಮನಿಗೂ ಕಿಡ್ನಿ ಹೋಗಿತ್ತು. ಇವತ್ತು ನಿಮ್ಮ ಸರದಿ, ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸೋರು. ಹೋದ್ರೆ ಆ ಮಂಚದಲ್ಲಿ ಇನ್ಯಾರೋ ಇರೋರು. ಪೇಪರ್‌ನವರು ಬರೋ ದಿನ ಚಿಕ್ಕ ಮಕ್ಕಳು, ನಗೋ ಮುಖದೋರು. ನಮ್ಮಮ್ಮ ಮುದುಕಿ, ಮುಖ ಊದ್ಕೊಂಡಿತ್ತು. ಫೋಟೋಗೆ ಚೆನ್ನಾಗಿ ಬರ್ತಿರ್ಲಿಲ್ಲ." ಅವಳ ದನಿ ಏರಲಿಲ್ಲ. "ಹೋದ ತಿಂಗಳು ತೀರ್ಕೊಂಡ್ರು. ಕೇಂದ್ರದ ಜಗಲಿ ಮೇಲೆ, ಸರದಿ ಕಾಯ್ತಾ."

"ಮಂಚ ಯಾರಿಗೆ ಅಂತ ತೀರ್ಮಾನ ಮಾಡ್ತಿದ್ದೋರು ಯಾರು?"

"ಅದೆಲ್ಲ ನಮಗೇನು ಗೊತ್ತು? ಬಾಗಿಲಲ್ಲಿ ನಿಂತು ಇವತ್ತು ಆಗಲ್ಲ ಅಂತಿದ್ದದ್ದು ದೊಡ್ಡ ಸಿಸ್ಟರು."

ಶಾಲು ಮತ್ತೆ ಜಾರಿತು. ಬಾಗಿಲಲ್ಲಿ ಒಬ್ಬ ಪೇದೆಯನ್ನು ಕಾವಲಿಗೆ ಇಟ್ಟು ಇನ್ಸ್‌ಪೆಕ್ಟರಮ್ಮ ಕೇಂದ್ರಕ್ಕೆ ವಾಪಸಾದಳು.

*

ಹುಂಜದ ಗುರುತಿನ ಬ್ಯಾಟರಿ ಕಂಪನಿ ಆ ಊರಿಗೆ ಏನು ಮಾಡಿಲ್ಲ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಕಂಪನಿಯ ಟ್ರಸ್ಟು ಶಾಲೆಗೆ ಬೆಂಚು ಕೊಟ್ಟಿತ್ತು, ಬೀದಿಗೆ ನೀರಿನ ತೊಟ್ಟಿ, ನಡೆಯಲಾಗದವರಿಗೆ ಗಾಲಿಕುರ್ಚಿ, ಗ್ರಂಥಾಲಯಕ್ಕೆ ಕಪಾಟು, ಕೊನೆಗೆ ಈ ಡಯಾಲಿಸಿಸ್ ಕೇಂದ್ರ. ಕೊಟ್ಟದ್ದರ ಮೇಲೆಲ್ಲ ಹುಂಜ. ನಮ್ಮ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಮುದುಕಿಯ ಜಂಬ ಒಂದು ಕಂಪನಿಗೆ ಬಂದರೆ ಹೇಗಿರುತ್ತದೆಂದು ನೋಡಬೇಕಾದರೆ ಆ ಊರಿಗೆ ಹೋಗಬೇಕು. ಆದರೆ ಒಂದು ಮಾತು: ಆ ಯಂತ್ರಗಳಿಂದ ಬದುಕಿದವರು ನಿಜವಾಗಿಯೂ ಬದುಕಿದ್ದರು. ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

ಸಾಮಾನಿನ ಕೋಣೆಯಿಂದ ಹೆಣ ಸಾಗಿಸಿದ್ದರೂ ರಕ್ತದ ವಾಸನೆ ಹೋಗಿರಲಿಲ್ಲ. ಹತ್ತಿಯ ಸುರುಳಿಗಳ ಮೇಲೆ, ಕೈಗವಸುಗಳ ಡಬ್ಬಿಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಹನಿಹನಿಯಾಗಿ ಸಿಡಿದಿತ್ತು. ಕೊಲೆಗೆ ಬಳಸಿದ ವಸ್ತು ಮಾತ್ರ ಸಿಕ್ಕಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ನಡುವೆ ನಿಂತು ಸುತ್ತ ನೋಡಿದಳು. ಬೆಂಕಿ ನಂದಿಸುವ ಸಿಲಿಂಡರು ಗೋಡೆಯ ಕೊಕ್ಕೆಗೆ ನೇತಾಡುತ್ತಿತ್ತು. ಅದರ ಎಡಕ್ಕೆ ರಕ್ತ, ಬಲಕ್ಕೆ ರಕ್ತ. ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಬಿಳಿ ವೃತ್ತದೊಳಗಿನ ಕೆಂಪು ಹುಂಜ ಎದೆಯುಬ್ಬಿಸಿ ಅವಳನ್ನೇ ನೋಡುತ್ತಿತ್ತು.

"ಇದನ್ನ ಕೆಳಗಿಳಿಸಿ."

ಬೆರಳಚ್ಚು ತೆಗೆಯಲು ಬಂದವನು ಕೈಗವಸು ತೊಟ್ಟು ಇಳಿಸಿದ. ಹಿಂದಿನ ಬಿಳಿಗೋಡೆಯ ಮೇಲೆ ಕೆಂಪು ಕಲೆಯಿತ್ತು.

"ಅಯ್ಯೋ, ಇಲ್ಲೂ ರಕ್ತ!" ಎಂದ ದಫೇದಾರ.

ಬೆರಳಚ್ಚಿನವನು ಉಜ್ಜಿ ನೋಡಿದ. "ರಕ್ತ ಅಲ್ಲ. ಬಣ್ಣ. ಹಳೇದು." ಆಮೇಲೆ ಸಿಲಿಂಡರನ್ನು ಮಗುಚಿದ. ಬುಡದ ಅಂಚಿನ ಸಂದಿಯಲ್ಲಿ ಕಪ್ಪಾಗಿ ಏನೋ ಒಣಗಿತ್ತು, ಒಂದು ನರೆಗೂದಲೂ ಅಂಟಿತ್ತು. "ಇದು ರಕ್ತ. ಮೇಲೆಲ್ಲ ಚೆನ್ನಾಗಿ ಒರೆಸಿದ್ದಾರೆ, ಬುಡ ಮರೆತಿದ್ದಾರೆ."

ಇನ್ಸ್‌ಪೆಕ್ಟರಮ್ಮ ಗೋಡೆಯ ಹತ್ತಿರ ಮುಖ ಒಯ್ದಳು. ಕಲೆಗೆ ಜುಟ್ಟಿತ್ತು, ಬಾಲವಿತ್ತು. ಸಿಲಿಂಡರಿನ ಹುಂಜ ಬಲಕ್ಕೆ ನೋಡುತ್ತಿದ್ದರೆ ಗೋಡೆಯ ಹುಂಜ ಎಡಕ್ಕೆ ನೋಡುತ್ತಿತ್ತು.

ನೆಲ ಒರೆಸುವ ಆಯಾಳನ್ನು ಕರೆಸಿದಳು. ಆಕೆ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

"ಅದಾ? ತಗಲಿಹಾಕಿದ ದಿನ ಬಣ್ಣ ಇನ್ನೂ ಹಸಿ ಇತ್ತಮ್ಮ. ಫೋಟೋ ಆಗಿದ್ದೇ ತಡ, ದೊಡ್ಡ ಸಿಸ್ಟರು ತಿರುಗಿಸಿ ಹಾಕಿದ್ರು, ಗೋಡೆಗೆ ಅಂಟ್ಕೊಳ್ತು. ಆ ಕಡೆ ಮುಳ್ಳಿದೆ ನೋಡಿ, ಒಳಗೆ ಗಾಳಿ ಇದೆಯೋ ಇಲ್ವೋ ತೋರಿಸೋದು. ಅವರು ದಿನಾ ಬೆಳಿಗ್ಗೆ ಬಂದವರೇ ಮೊದಲು ಅದನ್ನ ನೋಡೋರು. ಬೆಂಕಿ ಬಿದ್ರೆ ಹುಂಜ ಬಂದು ಆರಿಸುತ್ತಾ ಅನ್ನೋರು. ಟ್ರಸ್ಟಿನ ಮ್ಯಾನೇಜರ್ ಸಾಹೇಬ್ರು ಬಂದಾಗೆಲ್ಲ ಹುಂಜ ಮುಂದೆ ತಿರುಗಿಸಿ ಹೋಗೋರು, ಇವರು ಮತ್ತೆ ಹಿಂದೆ ತಿರುಗಿಸೋರು. ಇಬ್ಬರದೂ ಇದೇ ಕಥೆ."

"ನಿನ್ನೆ ಸಂಜೆ ಯಾವ ಕಡೆಗಿತ್ತು?"

"ಗೋಡೆ ಕಡೆಗೇ ಇತ್ತು. ನಾನೇ ಒರೆಸಿದ್ದೀನಿ." ಆಯಾ ಮೂಗು ಒರೆಸಿಕೊಂಡಳು. "ದೊಡ್ಡ ಸಿಸ್ಟರು ನಿನ್ನೆ, ಉದ್ಘಾಟನೇಲಿ ಮೈಕ್ ಸಿಕ್ರೆ ಎಲ್ಲ ಹೇಳಿಬಿಡ್ತೀನಿ ಅಂತಿದ್ರು. ಫೋಟೋ ನೋಡಿ ಮಂಚ ಕೊಡಿ ಅಂತ ಮೇಲಿಂದ ಹೇಳ್ತಾರೆ, ಬಾಗಿಲಲ್ಲಿ ನಿಂತು ಬೈಸ್ಕೊಳೋದು ನಾನು ಅಂತ. ಆ ಮುದುಕಮ್ಮ ಜಗಲೀಲಿ ಸತ್ತಾಗಿಂದ ಅವರು ಸರಿಯಾಗಿ ಊಟ ಮಾಡಿಲ್ಲಮ್ಮ."

ದಫೇದಾರ ಗೋಡೆಗೆ ಕೈ ಊರಿ ನಿಂತ. ಆ ಮುದುಕಮ್ಮ ಅವನ ಅತ್ತೆ.

"ನಡೀರಿ ದಫೇದಾರ್ರೇ," ಎಂದಳು ಇನ್ಸ್‌ಪೆಕ್ಟರಮ್ಮ. "ಕೊಂದು ಓಡೋ ಡ್ರೈವರಿಗೆ ಹುಂಜ ಯಾವ ಕಡೆ ನೋಡಿದ್ರೆ ಏನು? ನೋಡೋರಿಗೆ ಕಾಣೋ ಹಾಗೆ ಇಡೋದು ಒಬ್ಬನ ಕೈ ಮಾತ್ರ."

*

ಟ್ರಸ್ಟಿನ ಕಚೇರಿ ಕಾರ್ಖಾನೆಯ ಮುಂಭಾಗದ ಮಹಡಿಯಲ್ಲಿತ್ತು. ಒಳಗೆ ತಣ್ಣಗೆ, ನೆಲ ಕನ್ನಡಿಯಂತೆ. ಗೋಡೆ ತುಂಬ ಫೋಟೋಗಳು. ಎಲ್ಲದರ ನಡುವೆ ಹುಂಜ, ಅಂಚಿನಲ್ಲಿ ಮನುಷ್ಯರು. ಕೆಲವರ ತಲೆ ಅರ್ಧಕ್ಕೇ ಕತ್ತರಿಸಿಹೋಗಿತ್ತು.

ಮ್ಯಾನೇಜರ್ ಎದ್ದು ನಿಂತು ಕೈಮುಗಿದ. ಬಿಳಿ ಅಂಗಿ, ಮೆದು ಮಾತು. ಕಾಫಿ ತರಿಸಿದ. ಕಪ್ಪುಗಳ ಮೇಲೂ ಹುಂಜವಿತ್ತು, ಬೇರೆ ಹೇಳಬೇಕಾಗಿಲ್ಲ.

"ಎಂಥ ಹೆಂಗಸು ಮೇಡಂ! ಅವರ ಹೆಸರಲ್ಲಿ ಒಂದು ವಾರ್ಡು ಮಾಡ್ಬೇಕು ಅಂತ ಈಗಾಗಲೇ ಮೇಲಿನವರ ಹತ್ರ ಮಾತಾಡಿದ್ದೀನಿ."

ಇನ್ಸ್‌ಪೆಕ್ಟರಮ್ಮ ಒಂದು ಗುಟುಕು ಕುಡಿದು, ಹುಂಜ ತನ್ನ ಕಡೆಗೆ ಬರುವ ಹಾಗೆ ಕಪ್ಪನ್ನು ಮೇಜಿನ ಮೇಲಿಟ್ಟಳು.

"ಆ ಡ್ರೈವರಿಗೆ ಕೆಲಸ ಕೊಟ್ಟದ್ದೇ ಟ್ರಸ್ಟು," ಮ್ಯಾನೇಜರ್ ಮುಂದುವರಿಸಿದ. "ಹಾವಿಗೆ ಹಾಲೆರೆದ ಹಾಗಾಯ್ತು ನೋಡಿ." ಹೇಳುತ್ತಲೇ ಕೈ ಚಾಚಿ ಅವಳ ಕಪ್ಪನ್ನು ಎರಡು ಬೆರಳಲ್ಲಿ ತಿರುಗಿಸಿದ. ಹುಂಜ ಕೋಣೆಯ ಕಡೆಗೆ ಮುಖ ಮಾಡಿತು.

ಅವಳು ಇನ್ನೊಂದು ಗುಟುಕು ಕುಡಿದು, ಮತ್ತೆ ಮೊದಲಿನ ಹಾಗೇ ಇಟ್ಟಳು. ಅವನ ಮಾತು ಸಾಗುತ್ತಲೇ ಇತ್ತು, ಕೈ ಮತ್ತೆ ಬಂತು, ಹುಂಜ ಮತ್ತೆ ತಿರುಗಿತು. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ದಫೇದಾರನಿಗೆ ಗೊತ್ತಾಯಿತು.

"ಬೆಳಿಗ್ಗೆ ಸಾಮಾನಿನ ಕೋಣೇಲೂ ಹೀಗೇ ತಿರುಗಿಸಿದ್ರಾ?"

"ಏನು? ಬೆಳಿಗ್ಗೆ ನಾನು ಆ ಕೋಣೆಗೆ ಹೋಗೇ ಇಲ್ಲ."

"ನಿಮ್ಮ ಕೈ ಹೋಗಿತ್ತು ಅಂತ ಹೇಳ್ತಿದೆ. ನಿನ್ನೆ ಸಂಜೆ ಹುಂಜ ಗೋಡೆ ನೋಡ್ತಿತ್ತು. ಇವತ್ತು ನನ್ನನ್ನ ನೋಡ್ತಿತ್ತು. ನಡುವೆ ಅದೇ ಸಿಲಿಂಡರಿಂದ ಒಂದು ತಲೆ ಒಡೆದಿದೆ. ಸಿಸ್ಟರ್ ಮೈಕ್ ಹಿಡಿದ್ರೆ ನಿಮ್ಮ ಬಂಡವಾಳ ಬಯಲಾಗ್ತಿತ್ತು, ಅಲ್ವಾ?"

ಮ್ಯಾನೇಜರನ ಕಣ್ಣು ಕಪ್ಪಿನ ಮೇಲೆ ಬಿತ್ತು. ತನ್ನ ಬೆರಳು ಇನ್ನೂ ಅದರ ಹಿಡಿಯ ಮೇಲಿದ್ದದ್ದನ್ನು ಕಂಡ.

ಮರುಕ್ಷಣ ಮೇಜಿನ ಮೇಲಿದ್ದ ಗಾಜಿನ ಪಾರಿತೋಷಕ ಹಾರಿಬಂತು. ಸಮಾಜಸೇವೆಗೆಂದು ಕಂಪನಿಗೆ ಬಂದಿದ್ದ ಪ್ರಶಸ್ತಿ ಅದು. ಇನ್ಸ್‌ಪೆಕ್ಟರಮ್ಮನ ಹುಬ್ಬು ಸೀಳಿ, ಹಿಂದಿನ ಫೋಟೋಗೆ ಬಡಿದು ಪುಡಿಯಾಯಿತು. ರಕ್ತ ಕಣ್ಣಿಗಿಳಿದು ಅವಳಿಗೆ ಏನೂ ಕಾಣದಾಯಿತು. ಮ್ಯಾನೇಜರ್ ಮೇಜು ದಾಟಿ ಬಾಗಿಲಿಗೆ ಓಡಿದ, ನೇರ ದಫೇದಾರನ ತೋಳಿಗೆ ಸಿಕ್ಕ.

ದಫೇದಾರ ಅವನನ್ನು ಹಿಡಿಯಲಿಲ್ಲ, ಹೊಡೆದ. ಹೊಟ್ಟೆಗೆ ಹೊಡೆದ, ಬಗ್ಗಿದಾಗ ಮುಖಕ್ಕೆ ಮೊಣಕಾಲು ಕೊಟ್ಟ. ಕೆಳಗೆ ಬಿದ್ದವನ ಬಲಗೈಯನ್ನು ಬೂಟಿನಲ್ಲಿ ತುಳಿದು ನಿಂತ.

"ಈ ಕೈ ತಾನೇ? ನನ್ನತ್ತೇನ ಜಗಲೀಲಿ ಸಾಯಿಸಿದ್ದು ಈ ಕೈ! ನನ್ನ ಬಾಮೈದ ಅಲ್ಲಿ ಬಾಯಿ ಹೊಲಿಸ್ಕೊಂಡು ಮಲಗಿದ್ದಾನೆ!"

ಬೆರಳು ಪಟಪಟನೆ ಮುರಿದವು. ಮ್ಯಾನೇಜರ್ ಕಿರುಚಿದ. ಇನ್ಸ್‌ಪೆಕ್ಟರಮ್ಮ ಕಣ್ಣಿನ ರಕ್ತ ಒರೆಸಿಕೊಂಡು ನೋಡಿದಳು. ದಫೇದಾರನ ಮುಖದಲ್ಲಿ ಅಂಗಳದ ಗುಂಪಿನವರ ಮುಖವೇ ಕಾಣಿಸಿತು. ಲಾಠಿ ಎತ್ತಿ ತನ್ನವನ ಹೆಗಲಿಗೇ ಬಲವಾಗಿ ಬಿಟ್ಟಳು.

"ಬಿಡ್ರೀ! ಸತ್ತೋದ್ರೆ ಯಾರು ಬಾಯಿ ಬಿಡ್ತಾರೆ?"

ದಫೇದಾರ ಏದುಸಿರು ಬಿಡುತ್ತಾ ಹಿಂದೆ ಸರಿದ.

"ನಾನು ಕೊಂದಿಲ್ಲ," ಮ್ಯಾನೇಜರ್ ಗೋಡೆಗೆ ಒರಗಿ ಹಲ್ಲೊಂದನ್ನು ಉಗುಳಿದ. "ಎಲ್ಲ ಸರಿಯಾಗಿದೆಯಾ ನೋಡೋಣ ಅಂತ ಬೇಗ ಬಂದಿದ್ದೆ. ನಾನು ಬಾಗಿಲು ತೆಗೆದಾಗ ಆಗಲೇ ಬಿದ್ದಿದ್ದಳು. ಸಿಲಿಂಡರು ಪಕ್ಕದಲ್ಲಿತ್ತು. ಹುಂಜದ ಮೇಲೆಲ್ಲ ರಕ್ತ. ಇನ್ನೇನು ಪೇಪರ್‌ನವರು ಬರೋರು. ನಮ್ಮ ಹುಂಜ, ರಕ್ತ ಮೆತ್ಕೊಂಡು, ನಾಳೆ ಪೇಪರಲ್ಲಿ! ನನ್ನಿಂದ ಯೋಚನೆ ಮಾಡಕ್ಕೂ ಆಗ್ಲಿಲ್ಲ. ಒರೆಸಿದೆ. ತಗಲಿಹಾಕಿದೆ."

"ಉಸಿರಿತ್ತಾ ನೋಡಿದ್ರಾ?"

ಅವನು ಅಂಗಿಯ ತೋಳಿನಿಂದ ಬಾಯಿಯ ರಕ್ತ ಒರೆಸಿಕೊಂಡ.

"ಉಸಿರಿತ್ತಾ ಅಂದೆ."

"ಮೊದಲು ಹುಂಜ ಒರೆಸಿದೆ," ಎಂದ, ತೀರ ಸಣ್ಣ ದನಿಯಲ್ಲಿ. "ಒರೆಸೋವಾಗ ಅವಳ ಕಾಲು ಒಂದ್ಸಲ ಅಲ್ಲಾಡ್ತು ಅನ್ಸುತ್ತೆ. ಮುಗಿಸಿ ನೋಡೋವಷ್ಟರಲ್ಲಿ ಏನೂ ಇರ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಇಷ್ಟು ವರ್ಷದಲ್ಲಿ ಕೊಲೆಗಾರರನ್ನು ಕಂಡಿದ್ದಳು, ಕೆಲವರ ಮೇಲೆ ಕನಿಕರವೂ ಹುಟ್ಟಿತ್ತು. ಕೊಲ್ಲದೆ ಹೋದ ಈ ಮನುಷ್ಯನ ಮೇಲೆ ಹುಟ್ಟಿದಷ್ಟು ಅಸಹ್ಯ ಯಾರ ಮೇಲೂ ಹುಟ್ಟಿರಲಿಲ್ಲ.

"ಇನ್ನೇನು ಮುಚ್ಚಿಟ್ಟಿದ್ದೀರಿ?"

ಅವನು ಮುರಿಯದ ಕೈಯಿಂದ ಮೇಜಿನ ಖಾನೆ ತೋರಿಸಿದ. "ಅವಳ ಮುಷ್ಟೀಲಿ ಏನೋ ಹೊಳೀತಿತ್ತು. ಬಿಡಿಸಿ ನೋಡಿದ್ರೆ ಅದೂ ನಮ್ಮ ಹುಂಜವೇ. ಹೆಣದ ಕೈಯಲ್ಲಿ ಅದು ಇರಬಾರದಿತ್ತು. ಎತ್ಕೊಂಡೆ."

ಖಾನೆಯಲ್ಲಿ ಕರವಸ್ತ್ರದ ಗಂಟಿತ್ತು. ಬಿಚ್ಚಿದಳು. ಬೆಳ್ಳಿಯ ಹುಂಜ. ಊರಿಗೆ ಉಪಕಾರ ಮಾಡಿದವರೆಂದು ಟ್ರಸ್ಟು ವರ್ಷಕ್ಕೊಮ್ಮೆ ಕೆಲವರಿಗೆ ಕೊಡುವ ಪಿನ್ನು. ಅದರ ಮೊನೆ ಬಾಗಿತ್ತು. ತಿರುಗಿಸಿದಳು. ಹಿಂದೆ 'ಪೊಲೀಸ್ ಠಾಣೆ' ಎಂದು ಕೊರೆದಿತ್ತು.

ಠಾಣೆಗೆ ಬಂದದ್ದು ಎರಡೇ. ಶಾಲೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಹೊರಗೆ ತಂದದ್ದಕ್ಕೆ ಒಂದು ಅವಳಿಗೆ, ಒಂದು ದಫೇದಾರನಿಗೆ. ಅವಳದು ಅವಳ ಜೇಬಿನ ಮೇಲೆಯೇ ಇತ್ತು. ಕೈ ತಾನಾಗಿಯೇ ಹೋಗಿ ಮುಟ್ಟಿ ನೋಡಿಕೊಂಡಿತು.

ಬಾಗಿದ ಮೊನೆಗೆ ಒಂದು ಎಳೆ ಸುತ್ತಿಕೊಂಡಿತ್ತು. ಬೂದುಬಣ್ಣದ ಉಣ್ಣೆ.

ಕಚ್ಚಿದ ಹಲ್ಲು. ಜಾರುತ್ತಲೇ ಇದ್ದ ಶಾಲು. ಡ್ರೈವರು ಬಾಯಿ ಮುಚ್ಚಿಕೊಂಡು ಯಾರಿಗಾಗಿ ಏಟು ತಿಂದನೆಂದು ಅವಳಿಗೆ ಈಗ ತಿಳಿಯಿತು. ತಲೆಯೆತ್ತಿದಾಗ ದಫೇದಾರ ಆ ಎಳೆಯನ್ನೇ ನೋಡುತ್ತಿದ್ದ.

"ನಿಮ್ಮ ಪಿನ್ನು ಎಲ್ಲಿ?"

"ನಾನು ಹಾಕ್ಕೊಳ್ಳಲ್ಲ ಮೇಡಂ." ಎಂದ ದಫೇದಾರ. "ಕೊಟ್ಟ ದಿನವೇ ಅವಳಿಗೆ ಕೊಟ್ಟಿದ್ದೆ. ಶಾಲಿಗೆ ಹಾಕ್ಕೊಳ್ತಾಳೆ. ನನ್ನ ಗಂಡನಿಗೆ ಬಂದದ್ದು ಅಂತ ಎಲ್ಲರಿಗೂ ತೋರಿಸ್ತಾಳೆ."

ಇನ್ಸ್‌ಪೆಕ್ಟರಮ್ಮನ ಮೊಬೈಲು ಬಡಿದುಕೊಂಡಿತು. ಪಿನ್ನನ್ನು ಮೇಜಿನ ಮೇಲಿಟ್ಟು ಎತ್ತಿದಳು. ಆಸ್ಪತ್ರೆಯ ಪೇದೆ.

"ಮೇಡಂ, ಡ್ರೈವರಿಗೆ ಎಚ್ಚರ ಆಯ್ತು. ಮಾತು ಬರಲ್ಲ, ಆದ್ರೆ ನಿಮ್ಮನ್ನ ಕರೀರಿ ಅಂತ ಕೈಸನ್ನೆ ಮಾಡ್ತಿದ್ದ."

"ಮಾಡ್ತಿದ್ದ ಅಂದ್ರೆ? ಈಗ?"

"ಈಗ ಗೊತ್ತಿಲ್ಲ ಮೇಡಂ. ಅವನ ಬಟ್ಟೆ ಬದಲಾಯಿಸ್ಬೇಕು, ಆಚೆ ಇರಪ್ಪ ಅಂದ್ರು ಅವರಕ್ಕ. ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ. ಎಷ್ಟು ತಟ್ಟಿದ್ರೂ ಮಾತಿಲ್ಲ."

"ಬಾಗಿಲು ಒಡಿ! ಈಗಲೇ ಒಡಿ!"

ಕೂಗುತ್ತಾ ತಿರುಗಿದಳು. ಮೇಜಿನ ಮೇಲೆ ಬರೀ ಕರವಸ್ತ್ರವಿತ್ತು. ದಫೇದಾರ ಹೊಸ್ತಿಲ ಆಚೆ ನಿಂತಿದ್ದ, ಮುಷ್ಟಿ ಬಿಗಿಹಿಡಿದಿದ್ದ.

"ನಾನು ಹೇಳಿದ್ರೆ ಕೇಳ್ತಾಳೆ ಮೇಡಂ," ಎಂದ. "ಕ್ಷಮಿಸಿ."

ಬಾಗಿಲು ಬಡಿಯಿತು. ಹೊರಗಿನಿಂದ ಚಿಲಕ ಬಿತ್ತು. ಅವಳು ಕುರ್ಚಿ ಎತ್ತಿ ಬಾಗಿಲಿಗೆ ಅಪ್ಪಳಿಸುವಷ್ಟರಲ್ಲಿ ಕೆಳಗೆ ಜೀಪು ಶುರುವಾಯಿತು. ಕಿವಿಯ ಮೇಲಿನ ಮೊಬೈಲಿನಲ್ಲಿ ಇನ್ನೊಂದು ಬಾಗಿಲನ್ನು ಯಾರೋ ಒದೆಯುತ್ತಿದ್ದರು. ಒಮ್ಮೆ, ಮತ್ತೊಮ್ಮೆ. ಆಮೇಲೆ ಒದೆತ ನಿಂತಿತು.

"ಮೇಡಂ," ಪೇದೆ ಮತ್ತೆ ಲೈನಿಗೆ ಬಂದ, "ಬಾಗಿಲ ಕೆಳಗಿಂದ ರಕ್ತ ಹರಿದು ಬರ್ತಿದೆ. ಅಕ್ಕನದೋ ತಮ್ಮನದೋ ಗೊತ್ತಾಗ್ತಿಲ್ಲ."